ಪಾಪು ಉಸಿರು ಎಣಿಸಿದ ರಾತ್ರಿ
ಮೊದಲೆರಡು ದಿನ ಬರೀ ನೆಗಡಿ ಅಂತಲೇ ಅನ್ಕೊಂಡಿದ್ವಿ, ಮೂಗು ಸೋರೋದು, ಸ್ವಲ್ಪ ಕೆಮ್ಮು ಅಷ್ಟೆ. ಆರ್‌ಎಸ್‌ವಿ (ಮಕ್ಕಳಿಗೆ ನೆಗಡಿ, ಕೆಮ್ಮು ತರೋ ಒಂದು ವೈರಸ್) ಥರದ ವೈರಸ್ ಶ್ವಾಸಕೋಶದ ಸಣ್ಣ ಸಣ್ಣ ನಳಿಗೆಗಳಿಗೆ ಇಳಿದ್ರೆ 3ರಿಂದ 5ನೇ ದಿನ ಜೋರಾಗುತ್ತೆ ಅಂತ ಆಮೇಲೆ ಗೊತ್ತಾಯ್ತು, ನಮಗೂ ಸರಿಯಾಗಿ 4ನೇ ರಾತ್ರೀನೇ.

ಕೆಮ್ಮಿನ ಸೌಂಡ್ ಕೇಳಿ ಹೆದರ್ಕೋತಾ ಕೂತಿದ್ದೆ ನಾನು, ನೋಡ್ಬೇಕಾಗಿದ್ದಿದ್ದು ಎದೆ. ಅಂಗಿ ಎತ್ತಿ ನೋಡಿದ್ರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಗುಳಿ ಬೀಳ್ತಿತ್ತು, ಮೂಗಿನ ಹೊಳ್ಳೆ ಅರಳ್ತಿತ್ತು, ಉಸಿರು ಬಿಡುವಾಗ ಮೆತ್ತಗೆ ನರಳಿದ ಹಾಗೆ ಒಂದು ಸದ್ದು. ಪಾಪು ಅಳದೆ ಸುಮ್ನಿದ್ದಾಗ ಪೂರ್ತಿ 60 ಸೆಕೆಂಡ್ ಉಸಿರು ಎಣಿಸ್ಬೇಕು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. 2 ತಿಂಗಳೊಳಗಿನ ಪಾಪುಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, 5 ವರ್ಷದೊಳಗೆ 40, ಅಷ್ಟು ಅಥವಾ ಜಾಸ್ತಿ ಬಂದ್ರೆ ಅದು ವೇಗದ ಉಸಿರು. ನಮ್ಮ 7 ತಿಂಗಳ ಪಾಪುಗೆ 64 ಬಂತು, ಎರಡು ಸಲ ಎಣಿಸಿದೆ, ನಂಬಿಕೆ ಬರ್ಲಿಲ್ಲ.

ಇನ್ನೊಂದು, ಹಾಲು. ನಾಲ್ಕು ಗುಟುಕು ಕುಡಿದು ಬಿಟ್ಬಿಡೋದು, ಸಂಜೆಯಿಂದ ಡೈಪರ್ ಒಣಗೇ ಇತ್ತು. ಮಾಮೂಲಿಯ ಅರ್ಧಕ್ಕಿಂತ ಕಮ್ಮಿ ಕುಡಿದ್ರೆ ಡಾಕ್ಟರ್‌ಗೆ ತೋರಿಸ್ಲೇಬೇಕು. ತುಟಿ, ನಾಲಿಗೆ ನೀಲಿ ಆದ್ರೆ, ಉಸಿರು ಮಧ್ಯೆ ಮಧ್ಯೆ ನಿಂತ್ರೆ, ಎಬ್ಬಿಸಿದ್ರೂ ಏಳದಿದ್ರೆ ಎಣಿಸ್ತಾ ಕೂರ್ಬೇಡಿ, ಆಂಬುಲೆನ್ಸ್ ಕರೀರಿ.

ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಕೊಟ್ರು, ವೈರಸ್ಸಾದ್ದರಿಂದ ಆಂಟಿಬಯಾಟಿಕ್ ಬೇಡ ಅಂದ್ರು. ಕೆಮ್ಮು ಮಾತ್ರ ಮೂರು ವಾರ ಇತ್ತು.