ಟ್ರೈಲರ್ ಕಟ್ಟಿಕೊಂಡು ಐಸೆನ್‌ಹೋವರ್ ಸುರಂಗದವರೆಗೆ

ಅಮೆರಿಕದ ಕೊಲೊರಾಡೊದ ಡೆನ್ವರ್ ಊರೇ 5,280 ಅಡಿ ಎತ್ತರದಲ್ಲಿದೆ. ಅಲ್ಲಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ನೂರು ಕಿಲೋಮೀಟರ್ ಆಗುವುದರೊಳಗೆ ಐಸೆನ್‌ಹೋವರ್ ಸುರಂಗ, 11,000 ಅಡಿಗಿಂತ ಮೇಲೆ. ಬರೀ ಕಾರಲ್ಲಿ ಹೋದರೆ ಕಿವಿ ಗುಂಯ್ ಅನ್ನುವುದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಹಿಂದೆ ಎರಡೂವರೆ ಟನ್ ಟ್ರೈಲರ್ ಇದ್ದರೆ ಕಥೆಯೇ ಬೇರೆ.

ಹೋದ ಜುಲೈನಲ್ಲಿ ಮಾವ ಊರಿಂದ ಬಂದಿದ್ದರು. ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಶಿರಾಡಿ ಘಾಟಿಯ ತಿರುವುಗಳೆಲ್ಲ ಬಾಯಿಪಾಠ. ಹೊರಡುವ ಮುಂಚೆ ಬಗ್ಗಿ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ), ಚೈನು, ಟ್ರೈಲರ್ ಬ್ರೇಕಿನ ವೈರು ಎಲ್ಲ ಮುಟ್ಟಿ ನೋಡಿದರು. ನೀರಿನ ಕ್ಯಾನುಗಳನ್ನು ಮುಂದಕ್ಕೆ ಇಡಿಸಿದ್ದು ನಾನು. ಟ್ರೈಲರ್ ತೂಕದ ಶೇ. 10ರಿಂದ 15 ಹಿಚ್ ಮೇಲೆ ಕೂರಬೇಕು. ಹಿಂದೆ ಭಾರ ಜಾಸ್ತಿಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ಜಾರ್ಜ್‌ಟೌನ್ ದಾಟಿದ್ದೇ ಪಿಕಪ್ ತಾನಾಗೇ ಗೇರ್ ಇಳಿಸಿತು. ಆರ್‌ಪಿಎಂ ಮುಳ್ಳು 4,500ಕ್ಕೆ ಹೋಗಿ ನಿಂತಿತು. ಮಾವನಿಗೆ ತಡೆಯಲಾಗಲಿಲ್ಲ.

"ಅಳಿಯಂದ್ರೇ, ಗೇರ್ ಬದಲಾಯ್ಸಿ. ಇಂಜಿನ್ ಕಿರುಚ್ತಿದೆ."

"ಕಿರುಚಲಿ ಬಿಡಿ ಮಾವ, ಇದು ಪೆಟ್ರೋಲ್ ಇಂಜಿನ್, ಜೋರಾಗಿ ತಿರುಗಿದ್ರೆ ಏನೂ ಆಗಲ್ಲ."

ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಇಂಜಿನ್ ಸಮುದ್ರ ಮಟ್ಟದಿಂದ ಮೇಲೇರಿದ ಪ್ರತಿ 1,000 ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಹತ್ತಿರ ಹೋಗುವಾಗ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಗಾಳಿಯೇ ತೆಳು, ಏನು ಮಾಡೋದು? ಕೆಳಗಿನ ಗೇರಲ್ಲಿ ಜೋರಾಗಿ ತಿರುಗಿದರೆ ವಾಟರ್ ಪಂಪೂ ಜೋರಾಗಿ ತಿರುಗುತ್ತದೆ, ಇಂಜಿನ್ ತಣ್ಣಗಿರುತ್ತದೆ. ಸದ್ದಿಗೆ ಹೆದರಿ ಮೇಲಿನ ಗೇರಲ್ಲಿ ಉಸಿರುಗಟ್ಟಿಸಿದರೇ ತೊಂದರೆ. ಎಸಿ ಆಫ್ ಮಾಡಿದೆ. ಗಂಟೆಗೆ 40 ಮೈಲಿಯಲ್ಲಿ, ನಿಧಾನ ಹೋಗುವವರ ಬಲಗಡೆ ಲೇನಿನಲ್ಲಿ, ಟ್ರಕ್ಕುಗಳ ಹಿಂದೆ ನಾವೂ ಹಜಾರ್ಡ್ ಲೈಟ್ ಹಾಕಿಕೊಂಡು ಹೊರಟೆವು. ಪಕ್ಕದಲ್ಲಿ ಸಣ್ಣ ಕಾರುಗಳು ಭರ್ರೆಂದು ಹೋಗುತ್ತಿದ್ದವು. ಹೋಗಲಿ.

ಈ ಸುರಂಗ 1973ರಲ್ಲಿ ಸಂಚಾರಕ್ಕೆ ತೆರೆದದ್ದು, ಉದ್ದ 1.7 ಮೈಲಿ. ಮೇಲಿರುವ ಬೆಟ್ಟದ ಈ ಬದಿಗೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಆ ಬದಿಗೆ ಬಿದ್ದದ್ದು ಪೆಸಿಫಿಕ್ ಕಡೆಗೆ.

ಎಲ್ಲರೂ ಹತ್ತುವುದರ ಬಗ್ಗೆಯೇ ಕೇಳುತ್ತಾರೆ. ನನಗೆ ಭಯ ಇಳಿಯುವುದರದ್ದು. ಹತ್ತುವಾಗ ಏನಾದರೂ ಆದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಅದು ನಿಲ್ಲುವುದಿಲ್ಲ. ಸುರಂಗದಿಂದ ಸಿಲ್ವರ್‌ಥಾರ್ನ್‌ಗೆ ಶೇ. 7ರವರೆಗಿನ ಇಳಿಜಾರು. ಬ್ರೇಕ್ ಹೋದ ಟ್ರಕ್ಕುಗಳು ನುಗ್ಗಿ ನಿಲ್ಲಲೆಂದೇ ದಾರಿಬದಿಯಲ್ಲಿ ಜಲ್ಲಿ ತುಂಬಿದ ಏರು ರಸ್ತೆಗಳಿವೆ. ಮಾವ ಅದನ್ನು ಕತ್ತು ತಿರುಗಿಸಿ ನೋಡಿದರು.

"ಹತ್ತಿದ ಗೇರಲ್ಲೇ ಇಳೀಬೇಕು," ಅಂದರು. ಸುರಂಗ ಮುಗಿಯುವ ಮೊದಲೇ ನಾನು ಹಾಗೇ ಹಾಕಿದ್ದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬಾರದು, ಡ್ರಮ್ ಕಾದು ಹಿಡಿತ ಬಿಡುತ್ತದೆ. 50 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 40ಕ್ಕೆ ತಂದು ಪೂರ್ತಿ ಬಿಡಬೇಕು. ಇಂಜಿನ್ ಮತ್ತೆ ಕಿರುಚುತ್ತಿತ್ತು. ಈ ಸಲ ಮಾವ ಆ ಮಾತೆತ್ತಲಿಲ್ಲ. ಆದರೆ ನಾನು ಬ್ರೇಕ್ ಒತ್ತಿದಾಗೆಲ್ಲ ಅವರ ಬಲಗಾಲೂ ಮ್ಯಾಟನ್ನು ಒತ್ತುತ್ತಿತ್ತು.

ಸಿಲ್ವರ್‌ಥಾರ್ನ್‌ನ ಪೆಟ್ರೋಲ್ ಬಂಕಲ್ಲಿ ಇಳಿದವರೇ ಟ್ರೈಲರಿನ ಒಂದೊಂದು ಚಕ್ರದ ನಡುವೆಯೂ ಅಂಗೈ ಹಿಂಭಾಗ ತಾಗಿಸಿ ನೋಡಿದರು.

"ಬೆಚ್ಚಗಿದೆ, ಸುಡ್ತಿಲ್ಲ. ಮುಂದೆ ಇನ್ನೂ ಘಾಟಿ ಇದ್ಯಾ?"

"ವೇಲ್ ಪಾಸ್ ಇದೆ ಮಾವ. 10,662 ಅಡಿ."

"ಹಾಗಾದ್ರೆ ಚಿತ್ರಾನ್ನ ಇಲ್ಲೇ ಮುಗಿಸ್ಕೊಂಡು ಹೋಗೋಣ."