ಬಾರಿಯ ಓಣಿಗಳಲ್ಲಿ ಅವ್ವನ ಜೊತೆ ಒಂದು ದಿನ

ಅಕ್ಟೋಬರ್ ತಿಂಗಳ ನಡುವೆ ಮ್ಯೂನಿಕ್‌ನಲ್ಲಿ ಮಂಜು ಕವಿದು, ಬೆಳಗಿನ ಹೊತ್ತೂ ದೀಪ ಹಾಕಿಕೊಂಡು ಕೂರುವಂತಾದಾಗ ಅವ್ವ ಒಂದೇ ಮಾತು ಹೇಳಿದಳು: "ಬಿಸಿಲಿರುವ ಊರಿಗೆ ಎಲ್ಲಿಗಾದರೂ ಕರೆದುಕೊಂಡು ಹೋಗು." ನರಗುಂದದಿಂದ ನನ್ನ ಮನೆಗೆ ಬಂದು ಅವಳಿಗೆ ಆರು ವಾರವಾಗಿತ್ತು. ಕಡಿಮೆ ದರದ ಟಿಕೆಟ್ ಸಿಕ್ಕಿದ್ದು ಇಟಲಿಯ ದಕ್ಷಿಣಕ್ಕಿರುವ ಬಾರಿ ನಗರಕ್ಕೆ. ಏಡ್ರಿಯಾಟಿಕ್ ಸಮುದ್ರದ ದಂಡೆಯ ಊರು, ಹಳೆಯ ಪೇಟೆ ಚೆನ್ನಾಗಿದೆ ಎಂದಷ್ಟೇ ನನಗೆ ಗೊತ್ತಿತ್ತು. ಶನಿವಾರ ರಾತ್ರಿ ತಲುಪಿದೆವು, ನಮ್ಮ ಕೈಯಲ್ಲಿ ಇದ್ದದ್ದು ಭಾನುವಾರ ಒಂದೇ ದಿನ.

ಬೆಳಗ್ಗೆ ಹೋಟೆಲಿನಿಂದ ಹೊರಟು ವಿತ್ತೋರಿಯೋ ಎಮಾನ್ವೆಲೆ ರಸ್ತೆಗೆ ಬಂದಾಗ ಎರಡು ಊರುಗಳ ಗಡಿಯಲ್ಲಿ ನಿಂತ ಹಾಗಿತ್ತು. ನಮ್ಮ ಬೆನ್ನ ಹಿಂದೆ ಚೌಕುಳಿ ಬಟ್ಟೆಯಂತೆ ನೇರ ಗೆರೆ ಎಳೆದು ಕಟ್ಟಿದ ಹೊಸ ಬಡಾವಣೆ. ಹೊಸದೆಂದರೂ 1813ರದು, ನೆಪೋಲಿಯನ್ನನ ತಂಗಿಯ ಗಂಡ, ಆಗ ನೇಪಲ್ಸ್‌ನ ರಾಜನಾಗಿದ್ದ ಮುರಾ ಅಡಿಗಲ್ಲು ಹಾಕಿಸಿದ್ದು. ಎದುರಿಗೆ, ಎರಡು ಬಂದರುಗಳ ನಡುವೆ ಸಮುದ್ರಕ್ಕೆ ನಾಲಗೆಯಂತೆ ಚಾಚಿಕೊಂಡ ನೆಲದಲ್ಲಿ, ಹಳೆಯ ಬಾರಿ. ರಸ್ತೆ ದಾಟಿ ನೂರು ಹೆಜ್ಜೆ ಹಾಕುವಷ್ಟರಲ್ಲಿ ಫೋನಿನ ನಕ್ಷೆ ನಮ್ಮನ್ನು ಒಂದು ಮನೆಯ ಗೋಡೆಯೊಳಗೆ ತೋರಿಸತೊಡಗಿತು. ಶತ್ರು ಬಂದರೆ ದಾರಿ ತಪ್ಪಲಿ, ಸಮುದ್ರದ ಗಾಳಿ ನೇರ ನುಗ್ಗದಿರಲಿ ಎಂದು ಓಣಿಗಳನ್ನು ಹೀಗೆ ಸುತ್ತಿ ಸುತ್ತಿ ಕಟ್ಟಿದರೆಂದು ಊರಿನವರು ಹೇಳುತ್ತಾರೆ. ಶತ್ರುಗಳಿಗಂತೂ ಕೊರತೆ ಇರಲಿಲ್ಲ. 847ರಿಂದ 871ರವರೆಗೆ ಇದು ಅರಬರ ಎಮಿರೇಟ್ ಆಗಿತ್ತು. ಆಮೇಲೆ ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಆಳ್ವಿಕೆ. ಉತ್ತರ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಸುಮಾರು ಮೂರು ವರ್ಷ ಮುತ್ತಿಗೆ ಹಾಕಿ 1071ರಲ್ಲಿ ಗೆದ್ದುಕೊಂಡರು.

ತಲೆಯ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಒಗೆದ ಬಟ್ಟೆ. ಗೋಡೆಗಳಲ್ಲಿ ಗಾಜಿನ ಬಾಗಿಲಿನ ಪುಟ್ಟ ಗೂಡುಗಳು, ಒಳಗೆ ಮಾತೆ ಮರಿಯಳೋ ಒಬ್ಬ ಸಂತನೋ, ಮುಂದೆ ದೀಪ ಮತ್ತು ಹೂವು. ಪ್ರತಿ ಗೂಡಿನ ಮುಂದೆಯೂ ಅವ್ವ ಒಂದು ಕ್ಷಣ ನಿಲ್ಲುತ್ತಿದ್ದಳು. ಹೂವು ತಾಜಾ ಇದೆಯೇ ಎಂದು ನೋಡುತ್ತಿದ್ದಳು, ಇದ್ದರೆ ಸಮಾಧಾನದಿಂದ ಮುಂದೆ ನಡೆಯುತ್ತಿದ್ದಳು.

ಮರ್ಕಂತಿಲೆ ಚೌಕದ ಮೂಲೆಯಲ್ಲಿ ಒಂದು ಕಲ್ಲಿನ ಕಂಬ, ಅದರ ಬುಡದಲ್ಲಿ ಕಲ್ಲಿನ ಸಿಂಹ ಇದೆ. ಸಾಲ ತೀರಿಸಲಾಗದವರನ್ನು ಹಿಂದಿನ ಕಾಲದಲ್ಲಿ ಈ ಸಿಂಹದ ಮೇಲೆ ಬೆತ್ತಲೆ ಕುಂಡೆಯಲ್ಲಿ ಕೂರಿಸಿ, ಕಂಬಕ್ಕೆ ಕಟ್ಟಿ, ಊರೆಲ್ಲ ನೋಡುವಂತೆ ಬಿಡುತ್ತಿದ್ದರು. ಸಿಂಹದ ಕೊರಳಪಟ್ಟಿಯ ಮೇಲೆ 'ನ್ಯಾಯದ ಕಾವಲುಗಾರ' ಎಂದು ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ನಾನು ಇದನ್ನು ಓದಿ ಹೇಳಿದಾಗ ಅವ್ವ ಕಂಬವನ್ನು ಪೂರ್ತಿ ನೋಡಲೂ ಇಲ್ಲ. "ನಡಿ" ಎಂದಳು. ಸಾಲದ ವಿಷಯ ನಮ್ಮ ಮನೆಯಲ್ಲಿ ಹಗುರವಾಗಿ ಆಡುವ ಮಾತಾಗಿರಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಅಲ್ಲಿಂದ ಸಂತ ನಿಕೊಲಾಸನ ಬೆಸಿಲಿಕಾ. ಇಕ್ಕಟ್ಟಿನ ಓಣಿಯಿಂದ ಒಮ್ಮೆಲೇ ಬಯಲಿಗೆ ಬಂದಂತೆ ತೆರೆದುಕೊಳ್ಳುತ್ತದೆ. ಅಲಂಕಾರ ಕಡಿಮೆ ಇರುವ, ಕೋಟೆಯ ಗೋಡೆಯಂಥ ಬಿಳಿಗಲ್ಲಿನ ಮುಖ. ಮುಖ್ಯ ಬಾಗಿಲಿನ ಎರಡು ಬದಿಯ ಕಂಬಗಳನ್ನು ಎರಡು ಎತ್ತುಗಳು ಹೊತ್ತು ನಿಂತಿವೆ. ಬೇರೆಡೆಯ ಚರ್ಚುಗಳಲ್ಲಿ ಆ ಜಾಗದಲ್ಲಿ ಸಿಂಹಗಳನ್ನು ನೋಡಿದ್ದೆ, ಎತ್ತುಗಳನ್ನು ನೋಡಿದ್ದು ಇಲ್ಲಿಯೇ. ಅವ್ವ ಬಹಳ ಹೊತ್ತು ನಿಂತಳು. "ಕೊರಳ ಮೇಲೆ ನೊಗ ಇಲ್ಲ. ಆದರೂ ಭಾರ ತಪ್ಪಲಿಲ್ಲ ನೋಡು" ಎಂದಳು. ದೊಡ್ಡಕ್ಕನ ಮದುವೆಗೆ ಅಪ್ಪ ಕಿಲಾರಿ ಎತ್ತಿನ ಜೋಡಿಯನ್ನು ಮಾರಿದ್ದ. ನಾನು ಆಗ ಐದನೆಯ ತರಗತಿ. ಸಂತೆಯಿಂದ ಅಪ್ಪ ಬರಿಗೈಯಲ್ಲಿ ಹಗ್ಗ ಹಿಡಿದು ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈ ದೇವಾಲಯದ ಹುಟ್ಟೇ ಒಂದು ಕಳವಿನಿಂದ. ನಿಕೊಲಾಸ್ ಬಾರಿಯವನಲ್ಲ. ಇಂದಿನ ಟರ್ಕಿಯ ಮೀರಾ ಎಂಬ ಊರಿನಲ್ಲಿ 4ನೆಯ ಶತಮಾನದಲ್ಲಿ ಬಿಷಪ್ ಆಗಿದ್ದವನು, ಅಲ್ಲಿಯೇ ಸಮಾಧಿಯಾಗಿದ್ದವನು. ಬಾರಿಯ 62 ನಾವಿಕರು ಅಲ್ಲಿಗೆ ಹೋಗಿ, ಸಮಾಧಿಯನ್ನು ಒಡೆದು, ಎಲುಬುಗಳನ್ನು ಹಡಗಿಗೆ ಹೇರಿಕೊಂಡು 1087ರ ಮೇ 9ರಂದು ಊರಿಗೆ ಮರಳಿದರು. ನಾರ್ಮನ್ನರು ಬಂದ ಮೇಲೆ ಊರು ತನ್ನ ಹಳೆಯ ಸ್ಥಾನಮಾನ ಕಳೆದುಕೊಂಡಿತ್ತು. ಯಾತ್ರಿಕರನ್ನು ಸೆಳೆಯುವ ಸಂತನೊಬ್ಬ ಬೇಕಾಗಿದ್ದ. ಭಕ್ತಿಯ ಹೆಸರಿನಲ್ಲಿ ನಡೆದರೂ ಕಳವು ಕಳವೇ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ನೆಲಮಾಳಿಗೆಯ ಸಮಾಧಿಗೆ ಇಳಿದಾಗ ಆ ಮಾತು ಮೆತ್ತಗಾಯಿತು. 26 ಕಂಬಗಳ ತಗ್ಗು ಚಾವಣಿಯ ಕೋಣೆ, ಮೇಣದ ವಾಸನೆ. ತಲೆಗೆ ವಸ್ತ್ರ ಕಟ್ಟಿದ ಪೂರ್ವ ಯುರೋಪಿನ ಹೆಂಗಸರು ನೆಲಕ್ಕೆ ಹಣೆ ಹಚ್ಚುತ್ತಿದ್ದರು. ಪಕ್ಕದಲ್ಲಿ ಬಾರಿಯ ಕ್ಯಾಥೊಲಿಕ್ ಅಜ್ಜಿಯೊಬ್ಬರು ಜಪಮಣಿ ಎಣಿಸುತ್ತಿದ್ದರು. ಕ್ಯಾಥೊಲಿಕ್, ಆರ್ಥೊಡಾಕ್ಸ್ ಎಂದು 1054ರಲ್ಲಿ ಬೇರೆಯಾದ ಎರಡು ಕ್ರೈಸ್ತ ಪಂಥಗಳು ಈ ನೆಲಮಾಳಿಗೆಯಲ್ಲಿ ಒಂದೇ ಸಮಾಧಿಯ ಮುಂದೆ ಮಂಡಿಯೂರುತ್ತವೆ. ಆರ್ಥೊಡಾಕ್ಸ್ ಪೂಜೆಗೂ ಇಲ್ಲಿ ಅವಕಾಶವಿದೆ. ಅವ್ವ ಯಾರೂ ಹೇಳದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವರ ಪಕ್ಕ ಕುಳಿತಳು.

ಒಂದು ಚಿತ್ರದಲ್ಲಿ ಸಂತನ ಕೈಯಲ್ಲಿ ಮೂರು ಬಂಗಾರದ ಉಂಡೆಗಳಿದ್ದವು. "ಲಾಡುವೇ?" ಎಂದು ಅವ್ವ ಪಿಸುದನಿಯಲ್ಲಿ ಕೇಳಿದಳು. ನಾನು ಕಥೆ ಹೇಳಿದೆ. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಹಣವಿಲ್ಲ, ಮಕ್ಕಳನ್ನು ಮಾರುವ ಗತಿ ಬಂದಿತ್ತು. ನಿಕೊಲಾಸ್ ರಾತ್ರಿ ಯಾರಿಗೂ ಕಾಣದಂತೆ ಬಂದು ಕಿಟಕಿಯಿಂದ ಬಂಗಾರದ ಗಂಟು ಎಸೆದು ಹೋದ. ಹಿರಿಯವಳ ಮದುವೆಯಾಯಿತು. ಇನ್ನೊಂದು ರಾತ್ರಿ ಮತ್ತೆ ಬಂದ. ಎರಡನೆಯವಳದೂ ಆಯಿತು.

ಅವ್ವ ಕೇಳಿದಳು: "ಮೂರನೆಯವಳಿಗೂ ಎಸೆದನೇ?"

"ಎಸೆದ. ಆ ಸಲ ತಂದೆ ಎಚ್ಚರವಿದ್ದು, ಓಡಿಹೋಗಿ ಅವನನ್ನು ಹಿಡಿದು ಕಾಲಿಗೆ ಬಿದ್ದನಂತೆ."

ಅವಳು ಏನೂ ಹೇಳಲಿಲ್ಲ. ನಾನು ಮನೆಯಲ್ಲಿ ಮೂರನೆಯವಳು. ನನ್ನ ಹೊತ್ತಿಗೆ ಮಾರಲು ಏನೂ ಉಳಿದಿರಲಿಲ್ಲ, ಅದಕ್ಕೇ ನನ್ನನ್ನು ಓದಲು ಬಿಟ್ಟರು. ಹೊರಗೆ ಬಂದ ಮೇಲೆ ಅವ್ವ ಮತ್ತೊಮ್ಮೆ ಎತ್ತುಗಳ ಕಡೆ ತಿರುಗಿ ನೋಡಿದಳು.

ಕತೀಡ್ರಲ್‌ನ ಒಳಗೆ ಹತ್ತು ನಿಮಿಷವೂ ಇರಲಿಲ್ಲ, ಪೂಜೆ ನಡೆಯುತ್ತಿತ್ತು. ಜೂನ್ 21ರ ಸಂಜೆ ಗೋಡೆಯ ದುಂಡು ಕಿಟಕಿಯ ಬೆಳಕು ನೆಲದ ಮೊಸಾಯಿಕ್ ಹೂವಿನ ಮೇಲೆ ಎಸಳಿಗೆ ಎಸಳು ಕೂಡುವಂತೆ ಬೀಳುತ್ತದೆಯಂತೆ. ಅಕ್ಟೋಬರ್‌ನಲ್ಲಿ ಹೋದವರಿಗೆ ಆ ಭಾಗ್ಯವಿಲ್ಲ. ಫ್ರೆಡರಿಕ್ ದೊರೆ ಮರುಕಟ್ಟಿಸಿದ ಕೋಟೆಯನ್ನು ಹೊರಗಿನಿಂದಲೇ ನೋಡಿದೆವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೋಟೆಯ ಎದುರಿನ ಕಮಾನಿನ ಆಚೆಗಿದ್ದ ಓಣಿ. ಅದರ ಹೆಸರು ಆರ್ಕೋ ಬಾಸ್ಸೋ, ತಗ್ಗು ಕಮಾನಿನ ಓಣಿ.

ಎರಡೂ ಬದಿಗೆ ನೆಲಮಟ್ಟದ ಚಿಕ್ಕ ಚಿಕ್ಕ ಮನೆಗಳು, ಬಾಗಿಲು ಪೂರ್ತಿ ತೆರೆದಿವೆ. ಒಳಗೆ ಮಂಚ, ಟಿವಿ, ಒಲೆ ಎಲ್ಲ ಕಾಣುತ್ತವೆ. ಹೊಸ್ತಿಲ ಹೊರಗೆ ಮೇಜು ಹಾಕಿಕೊಂಡು ಹೆಂಗಸರು ಒರೆಕ್ಯೆತ್ತೆ ಎಂಬ ಪಾಸ್ತಾ ಮಾಡುತ್ತಿದ್ದರು. ಹೆಸರಿನ ಅರ್ಥ 'ಪುಟ್ಟ ಕಿವಿಗಳು'. ಕಣಕವನ್ನು ಬೆರಳು ದಪ್ಪದ ಹಾವಿನಂತೆ ಹೊಸೆಯುತ್ತಾರೆ. ಮೊಂಡು ಚಾಕುವಿನಿಂದ ಸಣ್ಣ ತುಂಡು ಕತ್ತರಿಸಿ, ಅದೇ ಚಾಕುವಿನಿಂದ ಮಣೆಯ ಮೇಲೆ ಎಳೆಯುತ್ತಾರೆ. ತುಂಡು ಸುರುಳಿಕೊಳ್ಳುತ್ತದೆ, ಅದನ್ನು ಹೆಬ್ಬೆರಳ ತುದಿಗೆ ಟೋಪಿಯಂತೆ ಮಗುಚಿದರೆ ಕಿವಿ ಸಿದ್ಧ. ಹೇಳಲು ಇಷ್ಟು ಹೊತ್ತು ಬೇಕಾಯಿತು, ಅವರು ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ, ಎದುರುಮನೆಯವಳ ಜೊತೆ ಮಾತನಾಡುತ್ತ, ಮಣೆಯ ಕಡೆ ನೋಡದೆ ಮಾಡುತ್ತಿದ್ದರು. ಪಕ್ಕದಲ್ಲಿ ಜಾಲರಿ ಬಿಗಿದ ಮರದ ಚೌಕಟ್ಟುಗಳ ಮೇಲೆ ಸಾವಿರಾರು ಕಿವಿಗಳು ಬಿಸಿಲಿಗೆ ಒಣಗುತ್ತಿದ್ದವು.

ನಾನು ಫೋನ್ ಎತ್ತಿದೆ. ಅವ್ವ ನನ್ನ ಕೈ ಕೆಳಗಿಳಿಸಿದಳು. "ಅವರ ಅಡುಗೆಮನೆಯಲ್ಲಿ ನಿಂತಿದ್ದೀಯೆ. ಮೊದಲು ಮಾತನಾಡಿಸು."

ಅವಳು ಹೇಳಿದ್ದು ಸರಿ. ಅಲ್ಲಿ ನಿಂತ ನಲವತ್ತು ಜನರಲ್ಲಿ ಮಾತನಾಡಿಸಿದವರು ಯಾರೂ ಇರಲಿಲ್ಲ, ಎಲ್ಲರ ಕೈಯೂ ಫೋನ್ ಹಿಡಿದು ಮೇಲೆದ್ದಿತ್ತು. ಇದೇ ಹಳೆಯ ಪೇಟೆಗೆ 1980ರ ದಶಕದಲ್ಲಿ ಹೊರಗಿನವರು ಕಾಲಿಡಲು ಹೆದರುತ್ತಿದ್ದರು. ಬೈಕಿನಲ್ಲಿ ಬಂದು ಕೈಚೀಲ ಕಿತ್ತು ಓಡುವವರಿಂದಾಗಿ ಊರಿಗೆ 'ಸ್ಕಿಪ್ಪೊಲಾಂದಿಯಾ', ಅಂದರೆ ಸರಗಳ್ಳರ ನಾಡು ಎಂಬಂಥ ಅಡ್ಡಹೆಸರು ಬಿದ್ದಿತ್ತು. 1990ರ ದಶಕದ ಕೊನೆಯಲ್ಲಿ ಯುರೋಪಿಯನ್ ಒಕ್ಕೂಟದ ಹಣದಿಂದ ದುರಸ್ತಿ ನಡೆದ ಮೇಲೆ ಪ್ರವಾಸಿಗರು ಬಂದರು. ಈಗ ಬರುವವರು ಹೆಚ್ಚಾಗಿ ಬೇರೆ ತೊಂದರೆಗಳು ಶುರುವಾಗಿವೆ. 2019ರಲ್ಲಿ, ಎಲ್ಲಿಂದ ಬಂದದ್ದೆಂಬ ಚೀಟಿಯಿಲ್ಲದ ಒರೆಕ್ಯೆತ್ತೆ ಬಳಸಿದ್ದಕ್ಕೆ ಒಂದು ರೆಸ್ಟೋರೆಂಟ್‌ಗೆ ದಂಡ ಬಿದ್ದು, ಮನೆಬಾಗಿಲಲ್ಲಿ ಮಾಡಿ ಮಾರುವುದರ ಸುತ್ತ ದೊಡ್ಡ ಚರ್ಚೆಯೇ ನಡೆಯಿತು. ಕಾರ್ಖಾನೆಯದನ್ನು ಕೈಯಲ್ಲಿ ಮಾಡಿದ್ದೆಂದು ಮಾರುತ್ತಾರೆಂಬ ದೂರುಗಳೂ ಇವೆ. ಕೊಳ್ಳುವ ಮುನ್ನ ಮಾಡುವ ಕೈಯನ್ನು ಸ್ವಲ್ಪ ಹೊತ್ತು ನೋಡಿ ಕೊಳ್ಳುವುದು ಒಳ್ಳೆಯದು.

ಓಣಿಯ ಕೊನೆಯ ಮನೆಯ ಹೆಂಗಸಿಗೆ ಅವ್ವನಷ್ಟೇ ವಯಸ್ಸು, ಎಪ್ಪತ್ತರ ಆಸುಪಾಸು. ನಾನು ನನಗೆ ತಿಳಿದಷ್ಟು ಇಟಾಲಿಯನ್‌ನಲ್ಲಿ ನಮಸ್ಕಾರ ಹೇಳಿದೆ. ಅವ್ವ ಕನ್ನಡದಲ್ಲಿಯೇ ಮಾತನಾಡಿದಳು. ಹಿಟ್ಟನ್ನು ತೋರಿಸಿ, ಮುಟ್ಟಲೇ ಎಂದು ಸನ್ನೆ ಮಾಡಿ ಕೇಳಿ, ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. "ಬನ್ಸಿ ರವೆಯ ಜಾತಿಯದು" ಎಂದಳು. ಅದೂ ಸರಿ. ಇಲ್ಲಿ ಬಳಸುವುದು ದ್ಯೂರಮ್ ಎಂಬ ಗಟ್ಟಿ ಗೋಧಿಯ ಸಣ್ಣ ರವೆ, ನಮ್ಮ ಬನ್ಸಿಯೂ ಅದೇ ಗೋಧಿ. ಮೊಟ್ಟೆ ಹಾಕುವುದಿಲ್ಲ, ಹಿಟ್ಟು ಮತ್ತು ನೀರು ಅಷ್ಟೇ. ಇದನ್ನು ಕೇಳಿ ಅವ್ವನ ಮುಖ ಅರಳಿತು, ಅಂದರೆ ಅವಳೂ ತಿನ್ನಬಹುದು.

ಹೆಂಗಸು ಎದ್ದು ತನ್ನ ಕುರ್ಚಿಯನ್ನೇ ಅವ್ವನ ಕಡೆ ತಳ್ಳಿ ಚಾಕು ಕೈಗೆ ಕೊಟ್ಟರು. ಅವ್ವನ ಮೊದಲ ಕಿವಿ ಹರಿಯಿತು. ಎರಡನೆಯದೂ ಹರಿಯಿತು. ಆಗ ಅವಳು ಚಾಕು ಬದಿಗಿಟ್ಟು, ಕಣಕವನ್ನು ದಾರದಷ್ಟು ತೆಳ್ಳಗೆ ಹೊಸೆದು, ಚಿವುಟಿ ಚಿವುಟಿ ಬೆರಳ ತುದಿಯಿಂದ ಸೌತೆಬೀಜ ಹಾಕತೊಡಗಿದಳು. ನಮ್ಮ ಕಡೆ ಮದುವೆಗೆ ಮುನ್ನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರಿ ಶ್ಯಾವಿಗೆ, ಗೌಲಿ, ಸೌತೆಬೀಜ ಮಾಡುತ್ತಿದ್ದರು. ಅಕ್ಕಂದಿರ ಜೊತೆ ನಾನೂ ಕೂರುತ್ತಿದ್ದೆ. ನನ್ನವು ದಪ್ಪಗಾಗುತ್ತವೆ ಎಂದು ಬೇರೆ ತಟ್ಟೆಗೆ ಹಾಕಿಸುತ್ತಿದ್ದರು. ಅವ್ವನ ಬೆರಳುಗಳು ಆ ವೇಗವನ್ನು ಮರೆತಿರಲಿಲ್ಲ. ಬಾರಿಯ ಹೆಂಗಸು ಬಾಗಿ ನೋಡಿದರು. ಒಂದನ್ನು ಅಂಗೈಯಲ್ಲಿಟ್ಟು "ಕವತೆಲ್ಲಿ!" ಎಂದರು. ಅವರಲ್ಲಿಯೂ ಬೆರಳಿಂದ ಎಳೆದು ಮಾಡುವ ಆ ಬಗೆ ಇದೆ, ಆದರೆ ಇದಕ್ಕಿಂತ ಬಹಳ ದೊಡ್ಡದು. ಇಷ್ಟು ಸಣ್ಣದನ್ನು ನೋಡಿ ಅವರು ಎದುರುಮನೆಯವರನ್ನು, ಆಮೇಲೆ ಅದರ ಪಕ್ಕದವರನ್ನೂ ಕೂಗಿ ಕರೆದರು. ಮೂವರೂ ಸೇರಿ ಬಾರಿಯ ಆಡುನುಡಿಯಲ್ಲಿ ಏನೇನೋ ಮಾತನಾಡಿಕೊಂಡರು, ನನಗೆ ಒಂದು ಪದವೂ ತಿಳಿಯಲಿಲ್ಲ. ಅವ್ವ ತಲೆ ಎತ್ತದೆ ಬಟ್ಟಲಿನಷ್ಟು ಮಾಡಿ ಮುಗಿಸಿದಳು. ಹೊರಡುವಾಗ ನಾವು ಅರ್ಧ ಕಿಲೋ ಒರೆಕ್ಯೆತ್ತೆ ಕೊಂಡೆವು. ಫೋಟೋ ತೆಗೆಯುವುದು ನೆನಪೇ ಆಗಲಿಲ್ಲ.

ಮಧ್ಯಾಹ್ನ ಊರು ಬಾಗಿಲು ಹಾಕಿಕೊಂಡು ಮಲಗಿತು. ಟೊಮೆಟೊ, ಆಲಿವ್ ಹಾಕಿ ಸುಟ್ಟ ಫೊಕಾಚ್ಚಾ ರೊಟ್ಟಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹಳೆಯ ಕೋಟೆಗೋಡೆಯ ಮೇಲಿನ ದಾರಿಯಲ್ಲಿ ಕುಳಿತು ತಿಂದೆವು. ಅದರ ಕಣಕಕ್ಕೆ ಬೇಯಿಸಿದ ಆಲೂಗಡ್ಡೆ ಸೇರಿಸುತ್ತಾರೆ, ಮೆತ್ತಗಿರುತ್ತದೆ. ಅವ್ವನಿಗೆ ಬೇಕಾಗಿದ್ದ ಬಿಸಿಲು ಅಲ್ಲಿ ಧಾರಾಳವಾಗಿತ್ತು. ಬಂದರಿನಲ್ಲಿ ದೊಡ್ಡ ಹಡಗುಗಳು ನಿಂತಿದ್ದವು. ಅಲ್ಬೇನಿಯಾಕ್ಕೆ ರಾತ್ರಿ ಹೊರಟು ಬೆಳಗ್ಗೆ ಮುಟ್ಟುವಂಥವು. 1991ರ ಆಗಸ್ಟ್ 8ರಂದು ವ್ಲೋರಾ ಎಂಬ ಸರಕು ಹಡಗು ಆ ಕಡೆಯಿಂದ ಸುಮಾರು 20,000 ಜನರನ್ನು ಹೊತ್ತು ಈ ಬಂದರಿಗೆ ಬಂದಿತ್ತು. ಹಗ್ಗ, ಕಂಬ, ಏಣಿ ಎಲ್ಲ ಕಡೆ ಮನುಷ್ಯರು ಜೋತುಬಿದ್ದಿದ್ದ ಆ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿದ್ದೇನೆ. ಅವರನ್ನು ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ, ಹೆಲಿಕಾಪ್ಟರ್‌ನಿಂದ ಆಹಾರ ಎಸೆದು, ಬಹುಪಾಲು ಜನರನ್ನು ಹಿಂದಕ್ಕೆ ಕಳಿಸಿದರು. ಹೀಗೆ ಮಾಡಬಾರದು, ಅವರೂ ಮನುಷ್ಯರು ಎಂದು ಗಟ್ಟಿಯಾಗಿ ಹೇಳಿದವರು ಆಗಿನ ಮೇಯರ್ ಎನ್ರಿಕೋ ದಾಲ್ಫಿನೋ. ಅವರ ಮಾತು ನಡೆಯಲಿಲ್ಲ. ಅವ್ವ ಎಲ್ಲ ಕೇಳಿಸಿಕೊಂಡು, "ಮೇಲಿನಿಂದ ಎಸೆದರೇ?" ಎಂದು ಎರಡು ಸಲ ಕೇಳಿದಳು. ಹಸಿದವರಿಗೆ ಅನ್ನ ಎಸೆಯುವುದು ಅವಳಿಗೆ ಅರಗಲಿಲ್ಲ. ನನಗೂ ಅರಗಿಲ್ಲ.

ಮೀನುಗಾರರ ಕಟ್ಟೆಯ ಬಳಿ ಆಕ್ಟೋಪಸ್‌ಗಳನ್ನು ಕಲ್ಲಿಗೆ ಬಡಿದು ಹದ ಮಾಡುತ್ತಿದ್ದರು, ಅವನ್ನು ಇಲ್ಲಿಯವರು ಹಸಿಯಾಗಿಯೇ ತಿನ್ನುತ್ತಾರೆ. ಅವ್ವ ಆ ಕಡೆ ಬರಲಿಲ್ಲ, ದೂರದ ಬೆಂಚಿನಲ್ಲಿ ಕಾಯುತ್ತೇನೆಂದಳು.

ಕತ್ತಲಾದ ಮೇಲೆ ಹಳೆಯ ಪೇಟೆಗೆ ಮತ್ತೆ ಬಂದೆವು. ಬೀದಿಯಲ್ಲಿ ಒಬ್ಬರು ದೊಡ್ಡ ಬಾಣಲೆ ಇಟ್ಟುಕೊಂಡು ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ ಗಟ್ಟಿಗೊಳಿಸಿದ ಚೌಕ ಹೋಳುಗಳನ್ನು ಕರಿಯುತ್ತಿದ್ದರು. ಸ್ಗಾಲ್ಯೊತ್ಸೆ ಎನ್ನುತ್ತಾರೆ. ಮೇಲೆ ಉಪ್ಪು, ಅಷ್ಟೇ. ಅವ್ವ ಮೂರು ತಿಂದಳು.

ಆರ್ಕೋ ಬಾಸ್ಸೋ ಓಣಿಯಲ್ಲಿ ಈಗ ಯಾರೂ ಇರಲಿಲ್ಲ. ಮೇಜುಗಳು ಒಳಗೆ ಹೋಗಿದ್ದವು. ಕೊನೆಯ ಮನೆಯ ಹೆಂಗಸು ಬಕೆಟ್ ಹಿಡಿದು ಬಾಗಿಲ ಮುಂದಿನ ಹಾಸುಗಲ್ಲು ತೊಳೆಯುತ್ತಿದ್ದರು. ತೊಳೆದ ಹೊಸ್ತಿಲ ಮುಂದೆ ತುಳಿಯಬಾರದೆಂದು ಅವ್ವ ನೀರು ಹರಿದುಹೋಗುವ ತನಕ ಸೀರೆಯ ನೆರಿಗೆ ಹಿಡಿದು ನಿಂತಳು. ಅವರು ತಲೆ ಎತ್ತಿ ನಮ್ಮನ್ನು ಗುರುತಿಸಿ, ಬಕೆಟ್ ಕೆಳಗಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಕಾಗದದ ಸಣ್ಣ ಪೊಟ್ಟಣ. ಬೆಳಗ್ಗೆ ಅವ್ವ ಮಾಡಿಟ್ಟ ಸೌತೆಬೀಜವನ್ನು ಕಿವಿಗಳ ಜೊತೆ ಬೆರೆಸದೆ, ಬೇರೆಯೇ ಜಾಲರಿಯ ಮೇಲೆ ಹರವಿ ಒಣಗಿಸಿದ್ದರು.

ಅವ್ವ ಪೊಟ್ಟಣ ಬಿಚ್ಚಿ ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದಳು.

"ಇನ್ನೊಂದು ಬಿಸಿಲು ಬೇಕು" ಎಂದಳು.