ಮಡಿಕೇರಿಯ ಏರಿನಲ್ಲಿ ನೆಂಟರ ಕಾರುಗಳು

ಮಡಿಕೇರಿಯಲ್ಲಿ ನಡೆದ ಸೋದರಮಾವನ ಮನೆಯ ಗೃಹಪ್ರವೇಶದಲ್ಲಿ ನೆಂಟರ ಕಾರುಗಳನ್ನು ಸರಿಯಾಗಿ ನಿಲ್ಲಿಸುವಂತೆ ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಗುಡ್ಡಗಳ ಮೇಲೆಯೇ ಬೆಳೆದಿರುವ ಆ ಊರಿನಲ್ಲಿ ಸಮತಟ್ಟಾದ ಜಾಗವೇ ಅಪರೂಪ. ಮಾವನ ಮನೆಯ ಮುಂದಿನ ರಸ್ತೆಯಂತೂ ನಡೆದು ಹತ್ತುವವರಿಗೂ ಏದುಸಿರು ತರಿಸುವಂಥದ್ದು.

ಬೆಂಗಳೂರಿನಿಂದ ಬಂದ ಚಿಕ್ಕಪ್ಪ ತಮ್ಮ ಆಟೊಮ್ಯಾಟಿಕ್ ಕಾರನ್ನು ರಸ್ತೆಯ ಎಡಬದಿಯ ಬರೆಯ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಪಕ್ಕಕ್ಕೆ ಏರುಮುಖವಾಗಿ ತಂದು, ಗೇರ್ ಲಿವರನ್ನು ನೇರವಾಗಿ ‘ಪಿ’ಗೆ (ಪಾರ್ಕ್) ತಳ್ಳಿ ಬ್ರೇಕಿನಿಂದ ಕಾಲೆತ್ತಿದರು. ಕಾರು ತುಸು ಹಿಂದೆ ಜಾರಿ, ಟಕ್ಕೆಂದು ನಿಂತಿತು.

“ಚಿಕ್ಕಪ್ಪ, ಮತ್ತೆ ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ಹಾಕಿ.”

“ಪಿ ಇರೋದೇ ನಿಲ್ಲಿಸೋದಕ್ಕಲ್ವೇನೋ?”

ಆ ಟಕ್ಕೆಂಬ ಸದ್ದು ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಒಂದು ಸಣ್ಣ ಉಕ್ಕಿನ ಕೊಕ್ಕೆಯದು. ಕಾರು ಉರುಳದಂತೆ ಅದು ತಡೆಯುತ್ತದೆ, ನಿಜ. ಆದರೆ ಕಡಿದಾದ ಏರಿನಲ್ಲಿ ಇಡೀ ಕಾರಿನ ಭಾರವನ್ನು ಅದರ ಮೇಲೇ ಹೇರಿದರೆ, ಹೊರಡುವಾಗ ಲಿವರ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೊಕ್ಕೆಯೂ ಸವೆಯುತ್ತದೆ. ಆದ್ದರಿಂದ ಕಾಲು ಬ್ರೇಕಿನ ಮೇಲಿರುವಾಗಲೇ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆದು, ನಿಧಾನವಾಗಿ ಕಾಲು ಸಡಿಲಿಸಿ, ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಬಳಿಕ ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಬೇಕು. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ‘ಪಿ’ ಮುಂದಿನ ಚಕ್ರಗಳನ್ನು ಹಿಡಿದರೆ, ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನವನ್ನು ಹಿಡಿಯುತ್ತದೆ. ಎರಡೂ ಇದ್ದಾಗಲೇ ನಾಲ್ಕೂ ಚಕ್ರಗಳಿಗೆ ಕಾವಲು.

ಚಿಕ್ಕಪ್ಪ ಹಾಗೆಯೇ ಮಾಡಿದರು, ಈ ಬಾರಿ ಸದ್ದು ಬರಲಿಲ್ಲ. ಕಲ್ಲಿನ ಅಂಚುಕಟ್ಟೆಯಿಲ್ಲದ ರಸ್ತೆಯಾದ್ದರಿಂದ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿದೆ. ಒಂದು ವೇಳೆ ಕಾರು ಹಿಂದಕ್ಕೆ ಉರುಳಿದರೂ ಅದರ ಹಿಂಭಾಗ ರಸ್ತೆಯತ್ತ ಹೋಗದೆ ಬರೆಗೆ ಒರಗುತ್ತದೆ. ಅಂಚುಕಟ್ಟೆ ಇದ್ದಿದ್ದರೆ ಏರುಮುಖದ ಕಾರಿಗೆ ಬಲಕ್ಕೆ ತಿರುಗಿಸುವುದು ಸರಿ.

ನಿಜವಾದ ತೊಡಕು ಬಂದದ್ದು ಅಕ್ಕನ ಕಾರಿನಲ್ಲಿ. ಅದರಲ್ಲಿ ‘ಪಿ’ಯೇ ಇರಲಿಲ್ಲ! ಅದು ಎಎಂಟಿ ಕಾರು. 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಈ ಬಗೆಯ ಕಾರುಗಳು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸಿನವೇ. ಕ್ಲಚ್ಚನ್ನೂ ಗೇರನ್ನೂ ಯಂತ್ರ ನೋಡಿಕೊಳ್ಳುತ್ತದೆ, ಅಷ್ಟೇ. ಅವುಗಳಲ್ಲಿ ಅನೇಕವನ್ನು ಏರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟುಹೋಗುವಂತಿಲ್ಲ. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಮೂತಿ ಏರಿನತ್ತ ಇದ್ದರೆ ‘ಡಿ’ಯಲ್ಲಿ (ಡ್ರೈವ್), ಇಳಿಜಾರಿನತ್ತ ಇದ್ದರೆ ‘ಆರ್’ನಲ್ಲಿ (ರಿವರ್ಸ್) ಎಂಜಿನ್ ಆರಿಸಬೇಕು, ಆಗ ಎಂಜಿನ್ನೇ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ನಗರದ ಸಮತಟ್ಟು ನೆಲದಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಯುವ ರೂಢಿಯಿದ್ದ ಅಕ್ಕ ಇದನ್ನು ನಂಬಲು ಕೈಪಿಡಿಯನ್ನೇ ತೆರೆದು ನೋಡಬೇಕಾಯಿತು. ಮಾರುವವರು ಇದನ್ನು ಕಾರು ಕೊಡುವ ದಿನವೇ ಹೇಳಬಾರದೆ ಎಂದು ನನಗನ್ನಿಸಿತು.

ಮಾವನಿಗೆ ಇದಾವುದರ ಮೇಲೂ ಭರವಸೆಯಿಲ್ಲ. ಲಾರಿಯವರಂತೆ ಪ್ರತಿ ಕಾರಿನ ಹಿಂದಿನ ಚಕ್ರಕ್ಕೂ ಇಳಿಜಾರಿನ ಬದಿಯಲ್ಲಿ ಒಂದೊಂದು ದಪ್ಪ ಕಲ್ಲು ಕೊಟ್ಟರು. ಊಟ ಮುಗಿದ ಮೇಲೆ, ಬ್ರೇಕ್ ಒತ್ತಿ, ಎಂಜಿನ್ ಚಾಲೂ ಮಾಡಿ, ‘ಡಿ’ಗೆ ಹಾಕಿ, ಕೊನೆಗೆ ಹ್ಯಾಂಡ್‌ಬ್ರೇಕ್ ಇಳಿಸಿ ಒಬ್ಬೊಬ್ಬರಾಗಿ ಹೊರಟಂತೆ, ರಾತ್ರಿ ಬೈಕಿನವರು ಎಡವಬಾರದೆಂದು ಆ ಕಲ್ಲುಗಳನ್ನೆಲ್ಲ ಚರಂಡಿಯಾಚೆಗೆ ಹೊತ್ತುಹಾಕುವ ಕೆಲಸವೂ ನನಗೇ ಬಂತು.